ನಿರಾಶ್ರಿತ ಸ್ತ್ರೀ ಮತ್ತು ಶಾಸನದ ಮೌನ

ನಿರಾಶ್ರಿತರ ಸ್ಥಾನಮಾನವನ್ನು ಕುರಿತ ೧೯೫೧ರ ಜಿನೀವಾ ಒಡಂಬಡಿಕೆಯನ್ನು ಓದುವಾಗ ನಮಗೆ ಒಂದು ಕೊರತೆ ಎದ್ದುಕಾಣುವುದು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಿಂದ ಒದಗುವ ಪೀಡನೆಗೆ ಅಂಜಿ ದೇಶ ತೊರೆದವರಿಗೆ ಅದು ರಕ್ಷಣೆಯನ್ನು ವಿಧಿಸಿತು. ಲಿಂಗವನ್ನು ಮಾತ್ರ ಹೆಸರಿಸಲಿಲ್ಲ. ಸ್ತ್ರೀಯಾದ ಕಾರಣದಿಂದಲೇ ಪೀಡಿತಳಾದವಳು ‘ಸಾಮಾಜಿಕ ಗುಂಪು’ ಎಂಬ ಮಾತಿನ ಮರೆಯಲ್ಲಿ ಆಶ್ರಯವನ್ನು ಅರಸಬೇಕಾಯಿತು.

ಭಾರತವು ಈ ಒಡಂಬಡಿಕೆಗೆ ಸೇರಿಲ್ಲ. ಆದರೂ ಆಶ್ರಯವನ್ನು ನಿರಾಕರಿಸಲಿಲ್ಲ. ೧೯೬೦ರಲ್ಲಿ ಅಂದಿನ ಮೈಸೂರು ರಾಜ್ಯವು ಟಿಬೆಟ್ಟಿನಿಂದ ಬಂದವರಿಗಾಗಿ ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಭೂಮಿಯನ್ನು ನೀಡಿತು. ಇದು ನಾಡಿನ ಹಿರಿಮೆಯೇ ಸರಿ. ಆದರೆ ಔದಾರ್ಯ ಬೇರೆ, ಹಕ್ಕು ಬೇರೆ. ಕೊಟ್ಟವರ ಮನಸ್ಸು ತಿರುಗಿದರೆ ಔದಾರ್ಯವು ಮುಗಿಯುವುದು, ಹಕ್ಕು ಉಳಿಯುವುದು.

ಹೌರಾದಲ್ಲಿ ಅತ್ಯಾಚಾರಕ್ಕೊಳಗಾದ ಬಾಂಗ್ಲಾದೇಶದ ಮಹಿಳೆಯೊಬ್ಬಳ ಮೊಕದ್ದಮೆಯಲ್ಲಿ, ಸಂವಿಧಾನದ ೨೧ನೆಯ ವಿಧಿಯ ರಕ್ಷಣೆ ಪೌರರಲ್ಲದವರಿಗೂ ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿ ನಿರ್ಣಯಿಸಿತು. ಆಕೆ ನಿರಾಶ್ರಿತಳಲ್ಲ, ಆದರೂ ಈ ತತ್ತ್ವವು ನಿರಾಶ್ರಿತಳಿಗೂ ಅನ್ವಯಿಸುವುದು. ಲಿಂಗಭೇದವನ್ನು ನಿಷೇಧಿಸುವ ೧೫ನೆಯ ವಿಧಿಯಾದರೋ ಪೌರರನ್ನು ಮಾತ್ರ ಹೆಸರಿಸುತ್ತದೆ. ಹೀಗೆ ಜಿನೀವಾದ ಮೌನವು ನಮ್ಮಲ್ಲಿಯೂ ಬೇರೊಂದು ರೂಪದಲ್ಲಿ ಕಂಡುಬರುವುದು.

ಸ್ತ್ರೀಯರ ವಿರುದ್ಧದ ತಾರತಮ್ಯವನ್ನು ತೊಡೆಯುವ ಒಡಂಬಡಿಕೆಯನ್ನು ಭಾರತವು ೧೯೯೩ರಲ್ಲಿ ಅನುಮೋದಿಸಿದೆ. ಅದು ನಿರಾಶ್ರಿತ ಸ್ತ್ರೀಯರಿಗೂ ಸಲ್ಲುವುದೆಂದು ಅದರ ಸಮಿತಿಯು ೨೦೧೪ರಲ್ಲಿ ವಿವರಿಸಿತು. ಆದುದರಿಂದ ಆಕೆಯ ಹಕ್ಕನ್ನು ಶಾಸನದಲ್ಲಿ ಸ್ಪಷ್ಟವಾಗಿ ನಮೂದಿಸುವ ಹೊಣೆ ನಮ್ಮ ಮೇಲಿದೆ ಎಂಬುದು ನಮ್ಮ ಮತ. ಚರಿತ್ರೆಯ ಅಭ್ಯಾಸಿಗಳು ಬೈಲಕುಪ್ಪೆಯ ಎಕರೆಗಳನ್ನು ಎಣಿಸಿದರಷ್ಟೇ ಸಾಲದು. ಆ ನೆಲದಲ್ಲಿ ದುಡಿದ ಸ್ತ್ರೀಗೆ ಯಾವ ಹಕ್ಕು ದೊರೆಯಿತೆಂಬುದನ್ನೂ ವಿಚಾರಿಸಬೇಕು.