ಜಪಾನೀ ಬರಹದ ಫುರಿಗಾನ: ಒಂದು ವಿಮರ್ಶೆ

ಕನ್ನಡದ ಅಕ್ಷರಗಳನ್ನು ಕಲಿತವನು ಅರ್ಥವರಿಯದ ಶಬ್ದವನ್ನಾದರೂ ಬಹುಮಟ್ಟಿಗೆ ತಪ್ಪಿಲ್ಲದೆ ಉಚ್ಚರಿಸಬಲ್ಲನು. ಜಪಾನೀ ಭಾಷೆಯನ್ನು ಕಲಿಯುವವನಿಗೆ ಈ ಸೌಲಭ್ಯವಿಲ್ಲ. ಅಲ್ಲಿ ಚೀನಾದೇಶದಿಂದ ಬಂದ ಕಾಂಜಿಗಳೂ, ಧ್ವನಿಯನ್ನು ಮಾತ್ರ ಸೂಚಿಸುವ ಕಾನ ಲಿಪಿಯೂ ಒಂದೇ ವಾಕ್ಯದಲ್ಲಿ ಬೆರೆತು ಬರುವುವು. ಕಾಂಜಿಗೆ ಸಾಮಾನ್ಯವಾಗಿ ಚೀನೀ ಮೂಲದ 'ಓನ್' ಎಂಬ ಓದೂ, ದೇಶ್ಯವಾದ 'ಕುನ್' ಎಂಬ ಓದೂ ಉಂಟು. ಜೀವವೆಂಬ ಅರ್ಥದ ಒಂದೇ ಅಕ್ಷರವು ಸ್ಥಳಭೇದದಿಂದ 'ಸೇ', 'ಶೋ', 'ನಾಮ', 'ಕಿ' ಎಂದು ನಾನಾ ವಿಧವಾಗಿ ಓದಲ್ಪಡುತ್ತದೆ. ಇಂತಹ ಅಕ್ಷರದ ಮಗ್ಗುಲಲ್ಲಿ, ಅಡ್ಡಸಾಲಿನ ಬರಹವಾದರೆ ಅದರ ತಲೆಯ ಮೇಲೆ, ಸಣ್ಣ ಕಾನಾಕ್ಷರಗಳಲ್ಲಿ ಓದನ್ನು ಸೂಚಿಸುವ ಪದ್ಧತಿಗೆ ಫುರಿಗಾನವೆಂದು ಹೆಸರು. ಮುದ್ರಕರು ಇದನ್ನು 'ರುಬಿ' ಎನ್ನುವರು. ಇದು ಇಂಗ್ಲೆಂಡಿನ ಅಚ್ಚುಕೂಟಗಳಲ್ಲಿ ಬಹು ಚಿಕ್ಕದೊಂದು ಅಚ್ಚುಮೊಳೆಗಿದ್ದ ಹೆಸರು.

ಈಗ ಜಪಾನೀ ವ್ಯಾಸಂಗವು ಬಹುಪಾಲು ಅಂತರ್ಜಾಲದಲ್ಲಿಯೇ ನಡೆಯುತ್ತಿರುವುದರಿಂದ, ಯಾವ ಪುಟಕ್ಕಾದರೂ ಕ್ಷಣಮಾತ್ರದಲ್ಲಿ ಫುರಿಗಾನವನ್ನು ಹೊದಿಸುವ ತಂತ್ರಾಂಶಗಳು ಹುಟ್ಟಿಕೊಂಡಿವೆ. ಇವು ಎಳೆಯ ಮಗುವಿನ ನಡೆಬಂಡಿಯಂತೆ, ಕಾಲು ಬಲಿತ ಮೇಲೆ ಬಿಡತಕ್ಕವು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಈ ಅಭಿಪ್ರಾಯವು ಸಾಲದೆಂದು ನಮಗೆ ತೋರುತ್ತದೆ. ಫುರಿಗಾನವು ಬರಿಯ ಊರುಗೋಲಲ್ಲ, ಅದೊಂದು ವ್ಯಾಖ್ಯಾನ. ವ್ಯಾಖ್ಯಾನವನ್ನು ಪರೀಕ್ಷಿಸುವಂತೆಯೇ ಅದನ್ನೂ ಪರೀಕ್ಷಿಸಬೇಕು.

ಮೊದಲು ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. 1874ರಲ್ಲಿ ಹೊರಟ ಯೋಮಿಉರಿ ಪತ್ರಿಕೆಯು ಸಾಮಾನ್ಯ ಜನರೂ ಓದಲೆಂದು ಆರಂಭದಿಂದಲೇ ಫುರಿಗಾನವನ್ನು ಅಳವಡಿಸಿಕೊಂಡಿತು. 1938ರಲ್ಲಿ ಸಾಹಿತಿ ಯಾಮಾಮೊತೊ ಯೂಜೋ ಅವರು, ಪಕ್ಕದ ಆಸರೆಯಿಲ್ಲದೆಯೇ ಓದಬಹುದಾದ ಬರಹವನ್ನು ಬರೆಯಬೇಕೆಂದು ವಾದಿಸಿ, ಫುರಿಗಾನವನ್ನೇ ತೆಗೆದುಹಾಕಬೇಕೆಂದರು. 1946ರಲ್ಲಿ ಸರಕಾರವು 1,850 ಕಾಂಜಿಗಳ ಪಟ್ಟಿಯನ್ನು ಪ್ರಕಟಿಸಿ, ಫುರಿಗಾನವನ್ನು ತಾತ್ತ್ವಿಕವಾಗಿ ಬಳಸಬಾರದೆಂದು ಸೂಚಿಸಿತು. ಆ ಪಟ್ಟಿಯ ಸ್ಥಾನಕ್ಕೆ 1981ರಲ್ಲಿ 1,945 ಅಕ್ಷರಗಳ ಪಟ್ಟಿ ಬಂದಿತು. 2010ರಲ್ಲಿ ಅದು 2,136ಕ್ಕೆ ಏರಿತು. ಆದರೂ ಫುರಿಗಾನವು ಅಳಿಯಲಿಲ್ಲ. ಮಕ್ಕಳ ಪುಸ್ತಕಗಳಲ್ಲಿಯೂ ಚಿತ್ರಕಥೆಗಳಲ್ಲಿಯೂ ವ್ಯಕ್ತಿನಾಮಗಳ ಮೇಲೆಯೂ ಅದು ಉಳಿದೇ ಇದೆ. ಕೇವಲ ಅಜ್ಞಾನಕ್ಕೆ ಮದ್ದಾಗಿದ್ದರೆ ಶಿಕ್ಷಣವು ಹಬ್ಬಿದಂತೆ ಅದು ಹಿಂದೆಗೆಯಬೇಕಾಗಿತ್ತು. ಹಾಗಾಗದುದಕ್ಕೆ ಬೇರೊಂದು ಕಾರಣವೂ ಉಂಟು.

ಆ ಕಾರಣವು ಸಾಹಿತ್ಯಸಂಬಂಧವಾದುದು. ಜಪಾನೀ ಲೇಖಕನು ಕಾಂಜಿಗೆ ರೂಢಿಯ ಓದನ್ನೇ ಕೊಡಬೇಕೆಂಬ ನಿಯಮವಿಲ್ಲ. 'ಉಚೂ', ಎಂದರೆ ವಿಶ್ವ, ಎಂದು ಓದತಕ್ಕ ಕಾಂಜಿಗಳ ಮೇಲೆ 'ಸೋರ', ಎಂದರೆ ಆಕಾಶ, ಎಂದು ಬರೆಯುವುದು ಹಾಡುಗಳಲ್ಲಿಯೂ ಚಿತ್ರಕಥೆಗಳಲ್ಲಿಯೂ ಸಾಮಾನ್ಯ. ಕಣ್ಣು ವಿಶ್ವವನ್ನು ಕಾಣುತ್ತದೆ, ಕಿವಿ ಆಕಾಶವನ್ನು ಕೇಳುತ್ತದೆ. ನಮ್ಮ ಶ್ಲೇಷದಲ್ಲಿ ಒಂದೇ ಶಬ್ದಕ್ಕೆ ಎರಡು ಅರ್ಥಗಳು; ಇಲ್ಲಿ ಒಂದೇ ಸ್ಥಾನದಲ್ಲಿ ಎರಡು ಶಬ್ದಗಳು. ಇಂತಹ ಕಡೆಗಳಲ್ಲಿ ಫುರಿಗಾನವು ಮೂಲದ ಒಂದು ಅಂಗವೇ ಆಗಿದೆ. ಅದನ್ನು ಕಳೆದರೆ ಕಾವ್ಯವೇ ಕುಂದುತ್ತದೆ. ಮೇಜಿ ಕಾಲದ ಗ್ರಂಥಗಳಲ್ಲಿ ಇನ್ನೊಂದು ತೊಡಕೂ ಉಂಟು: ಎಲ್ಲ ಫುರಿಗಾನವೂ ಲೇಖಕನದೇ ಅಲ್ಲ, ಅಚ್ಚುಕೂಟದವರು ಸೇರಿಸಿದುದೂ ಇದೆ. ಓಲೆಯ ಪ್ರತಿಗಳನ್ನು ಪರಿಶೋಧಿಸಿ ಮೂಲಪಾಠ ಯಾವುದು, ಲಿಪಿಕಾರನ ಟಿಪ್ಪಣಿ ಯಾವುದು ಎಂದು ಬಿಡಿಸಿದವರಿಗೆ ಈ ಪ್ರಶ್ನೆಯು ಹೊಸದಾಗಲಾರದು. 1997ರಲ್ಲಿ ಆರಂಭವಾದ ಆಓಜೋರ ಬುಂಕೋ ಎಂಬ ಅಂತರ್ಜಾಲ ಗ್ರಂಥಭಂಡಾರವು ಆಧಾರಪ್ರತಿಯ ರುಬಿಯನ್ನು ಪ್ರತ್ಯೇಕ ಆವರಣಚಿಹ್ನೆಗಳಲ್ಲಿ ಉಳಿಸಿಕೊಂಡಿರುವುದು ಪ್ರಶಂಸನೀಯ.

ಇನ್ನು ಯಂತ್ರದ ಫುರಿಗಾನ. ಮೆಕಾಬ್ ಮೊದಲಾದ ಪದವಿಭಜನ ತಂತ್ರಾಂಶಗಳು ವಾಕ್ಯವನ್ನು ಪದಗಳಾಗಿ ಒಡೆದು, ಸಂಭವವು ಹೆಚ್ಚೆಂದು ತೋರಿದ ಓದನ್ನು ಆರಿಸಿಕೊಳ್ಳುವುವು. ಬಹುತೇಕ ಕಡೆಗಳಲ್ಲಿ ಆಯ್ಕೆಯು ಸರಿಯಾಗಿಯೇ ಇರುತ್ತದೆ. ಸಂದಿಗ್ಧ ಸ್ಥಳಗಳಲ್ಲಿಯೇ ಅಪಾಯ. ಮನುಷ್ಯ, ಉಸಿರು ಎಂಬ ಎರಡು ಅಕ್ಷರಗಳು ಸೇರಿದರೆ 'ನಿಂಕಿ' ಎಂದಾಗಬಹುದು, 'ಹಿತೊಕೆ' ಎಂದೂ ಆಗಬಹುದು. ಮೊದಲನೆಯದು ಜನಪ್ರಿಯತೆ, ಎರಡನೆಯದು ಮನುಷ್ಯಸಂಚಾರದ ಸುಳಿವು. ಕಥೆಯಲ್ಲಿ ಬರುವ ನಿರ್ಜನವಾದ ದಾರಿಯು ಯಂತ್ರವು ತಪ್ಪಿದರೆ ಜನಪ್ರಿಯವಲ್ಲದ ದಾರಿಯಾಗಿಬಿಡುತ್ತದೆ. ಹಾಗೆಯೇ 'ಇತ್ತ', ಎಂದರೆ ಹೋದನು, ಮತ್ತು 'ಓಕೊನತ್ತ', ಎಂದರೆ ನಡೆಸಿದನು, ಎಂಬೆರಡೂ ಒಂದೇ ರೀತಿಯಲ್ಲಿ ಬರೆಯಲ್ಪಡಬಹುದು. ಇಲ್ಲಿ ನಿರ್ಣಯವು ಕೋಶದಿಂದಾಗದು, ಪ್ರಕರಣದಿಂದಲೇ ಆಗಬೇಕು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಯಂತ್ರದ ಊಹೆಯೂ ಲೇಖಕನ ನಿರ್ದೇಶವೂ ಒಂದೇ ಸಣ್ಣ ಅಕ್ಷರದಲ್ಲಿ, ಒಂದೇ ಸ್ಥಾನದಲ್ಲಿ, ಒಂದೇ ಅಧಿಕಾರದಿಂದ ಕಾಣಿಸಿಕೊಳ್ಳುವುವು. ವಿದ್ಯಾರ್ಥಿಗೆ ಇವೆರಡರ ಭೇದವು ತಿಳಿಯುವ ಬಗೆಯಿಲ್ಲ.

ಎರಡನೆಯ ಬಗೆಯ ಸಾಧನವೆಂದರೆ ಕೇಳಿದಾಗ ಮಾತ್ರ ಉತ್ತರ ಕೊಡುವ ನಿಘಂಟು. ಯೋಮಿತಾನ್ ಮುಂತಾದುವು ಈ ಜಾತಿಗೆ ಸೇರಿದುವು. ಪದದ ಮೇಲೆ ಸೂಚಿಯನ್ನಿಟ್ಟರೆ ಕೋಶದ ಉಲ್ಲೇಖಗಳು ತೆರೆಯುವುವು. ಓದು ಹಲವಾದರೆ ಹಲವನ್ನೂ ತೋರಿಸುವುವು. ಆಸ್ಟ್ರೇಲಿಯದ ಜಿಮ್ ಬ್ರೀನ್ ಅವರು 1991ರಲ್ಲಿ ತೊಡಗಿದ ಕೋಶಕಾರ್ಯವು ಇಂತಹ ಅನೇಕ ಸಾಧನಗಳಿಗೆ ತಳಹದಿಯಾಗಿದೆ. ಇದರಲ್ಲಿ ಎರಡು ಗುಣಗಳುಂಟು. ಕಣ್ಣು ಮೊದಲು ಕಾಂಜಿಯನ್ನೇ ಎದುರಿಸಬೇಕಾಗುತ್ತದೆ. ಸುಲಭವಾದ ಕಾನವು ಸದಾ ಮೇಲಿದ್ದರೆ ಕಣ್ಣು ಅತ್ತಲೇ ಜಾರಿ ಅಕ್ಷರವು ಅಪರಿಚಿತವಾಗಿಯೇ ಉಳಿಯುತ್ತದೆ. ಮತ್ತು ಓದು ಹಲವೆಂದು ಕಂಡಾಗ ಆರಿಸುವ ಹೊಣೆಯು ಓದುಗನದಾಗುತ್ತದೆ. ಪದೇ ಪದೇ ನಿಲ್ಲುವುದರಿಂದ ವಾಚನದ ಓಟವು ಮುರಿಯುತ್ತದೆಂಬ ಆಕ್ಷೇಪವು ನಿಜವೇ. ಆದಕಾರಣ ಆರಂಭದ ವಿದ್ಯಾರ್ಥಿಗೆ ಸಂಪೂರ್ಣ ಫುರಿಗಾನವುಳ್ಳ, ಮನುಷ್ಯನು ತಿದ್ದಿದ ಪಾಠಗಳನ್ನು ಕೊಡುವುದು ಯುಕ್ತ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು: ಫುರಿಗಾನವನ್ನು ತೋರಿಸುವ ಸಾಧನವು ಇದು ಗ್ರಂಥದ್ದು, ಇದು ಯಂತ್ರದ್ದು ಎಂದು ಬೇರೆಬೇರೆಯಾಗಿ ಗುರುತಿಸಬೇಕು, ಸಂದೇಹವಿರುವಲ್ಲಿ ಸಂದೇಹವನ್ನು ಮುಚ್ಚದೆ ತೋರಿಸಬೇಕು, ಲೇಖಕನ ಓದಿನ ಮೇಲೆ ತನ್ನ ಓದನ್ನು ಹೇರಕೂಡದು. ಒಳ್ಳೆಯ ಟೀಕಾಕಾರನು ಮೂಲ ಯಾವುದು, ತನ್ನ ಮಾತು ಯಾವುದು ಎಂಬುದನ್ನು ಎಂದೂ ಬೆರಸುವುದಿಲ್ಲ. ಯಂತ್ರವನ್ನು ರಚಿಸುವವರೂ ಇಷ್ಟನ್ನು ಪಾಲಿಸಬೇಕೆಂದು ಕೇಳುವುದು ಹೆಚ್ಚಾಗಲಾರದು. ಅಲ್ಲಿಯವರೆಗೆ, ಸಾಲಿನ ಮೇಲೆ ಕಂಡ ಸಣ್ಣ ಅಕ್ಷರವು ಯಾರದೆಂದು ವಿದ್ಯಾರ್ಥಿಯಿಂದ ಕೇಳಿಸುವುದು ಅಧ್ಯಾಪಕರ ಕರ್ತವ್ಯವಾಗಿರುತ್ತದೆ.