ಫುಕುಶಿಮಾ ತನಿಖಾ ವರದಿಯ ಎರಡು ಮುಖ

ಫುಕುಶಿಮಾ ಅಣುವಿದ್ಯುತ್ ಸ್ಥಾವರದಲ್ಲಿ 2011ರ ಮಾರ್ಚ್‌ನಲ್ಲಿ ನಡೆದ ಅವಘಡದ ತನಿಖೆಗೆ ಜಪಾನಿನ ಸಂಸತ್ತು ನೇಮಿಸಿದ ಸ್ವತಂತ್ರ ಆಯೋಗ 2012ರ ಜುಲೈಯಲ್ಲಿ ವರದಿ ಕೊಟ್ಟಿತು. ಭೂಕಂಪ, ಸುನಾಮಿಗಳಿಂದ ಶುರುವಾದರೂ ಇದು ಮನುಷ್ಯರೇ ತಂದುಕೊಂಡ ದುರಂತ ಎಂಬುದು ಕಿಯೋಶಿ ಕುರೊಕಾವಾ ನೇತೃತ್ವದ ಆಯೋಗದ ತೀರ್ಮಾನ. ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿಯನ್ನು ಅಂಕೆಯಲ್ಲಿಡಬೇಕಾದ ಸುರಕ್ಷತಾ ಸಂಸ್ಥೆಗಳು ಕಂಪನಿಯ ಅಂಕೆಗೇ ಸಿಕ್ಕಿದ್ದವು ಎಂದು ಅದು ಆರೋಪಿಸಿತು.

ಈ ಆರೋಪಕ್ಕೆ ಆಧಾರ ಒದಗಿಸುವ ಪುಟಗಳೇ ವರದಿಯ ಜೀವಾಳ. ಅಣುವಿದ್ಯುತ್ತಿಗೆ ಉತ್ತೇಜನ ಕೊಡುತ್ತಿದ್ದ ಕೈಗಾರಿಕಾ ಸಚಿವಾಲಯದ ಅಡಿಯಲ್ಲೇ 2001ರಲ್ಲಿ ಸುರಕ್ಷತಾ ಸಂಸ್ಥೆಯನ್ನೂ ಕಟ್ಟಲಾಗಿತ್ತು. ತಾಂತ್ರಿಕ ತಿಳಿವಳಿಕೆಯಲ್ಲಿ ಅದರ ಅಧಿಕಾರಿಗಳು ಟೆಪ್ಕೊ ಕಂಪನಿಯ ಎಂಜಿನಿಯರುಗಳಿಗಿಂತ ಹಿಂದಿದ್ದರು. ಅಂದಮೇಲೆ ಪ್ರಶ್ನೆ ಕೇಳುವವನೇ ಉತ್ತರವನ್ನೂ ಎದುರಿನವನಿಂದ ಪಡೆಯಬೇಕು. ಸ್ಥಾವರಕ್ಕೆ ದೀರ್ಘಕಾಲ ವಿದ್ಯುತ್ತೇ ಇಲ್ಲವಾದರೆ ಏನು ಗತಿ ಎಂಬ ಪ್ರಶ್ನೆ 1990ರ ದಶಕದ ಆರಂಭದಲ್ಲೇ ಎದ್ದಿತ್ತು. ಆಗ ಸರ್ಕಾರದ ಇನ್ನೊಂದು ಕಾವಲು ಸಂಸ್ಥೆಯಾದ ಅಣು ಸುರಕ್ಷತಾ ಆಯೋಗ, ಅದನ್ನು ಏಕೆ ಪರಿಗಣಿಸಬೇಕಿಲ್ಲ ಎಂಬುದಕ್ಕೆ ಸಮರ್ಥನೆ ಬರೆದುಕೊಡುವಂತೆ ಕಂಪನಿಗಳನ್ನೇ ಕೇಳಿತು. ಲಂಚವಿಲ್ಲ, ಬೆದರಿಕೆಯಿಲ್ಲ, ಒಂದು ಪತ್ರ ಸಾಕಾಯಿತು. ಸಮುದ್ರಮಟ್ಟದಿಂದ ಸುಮಾರು 10 ಮೀಟರ್ ಎತ್ತರದಲ್ಲಿದ್ದ ಸ್ಥಾವರದ ನೆಲಕ್ಕೆ 15.7 ಮೀಟರ್ ಎತ್ತರದ ಸುನಾಮಿ ಬರಬಹುದೆಂದು ಟೆಪ್ಕೊದ ಒಳಗೇ 2008ರಲ್ಲಿ ಲೆಕ್ಕ ಸಿಕ್ಕಿತ್ತು. ಸುರಕ್ಷತಾ ಸಂಸ್ಥೆಗೆ ಅದು ತಲುಪಿದ್ದು 2011ರ ಮಾರ್ಚ್ 7ರಂದು, ಅಲೆ ಬರುವ ನಾಲ್ಕು ದಿನ ಮೊದಲು.

ಇಷ್ಟು ಖಚಿತವಾಗಿ ತೋರಿಸಿದ ವರದಿಯೇ ಇಂಗ್ಲಿಷ್ ಮುನ್ನುಡಿಯಲ್ಲಿ ಸಡಿಲವಾಗುತ್ತದೆ. ದೊಡ್ಡವರನ್ನು ಪ್ರಶ್ನಿಸಲು ಹಿಂಜರಿಯುವ ಜಪಾನೀ ಸಂಸ್ಕೃತಿಯೇ ಮೂಲ ಕಾರಣ ಎಂದು ಅಧ್ಯಕ್ಷರು ಅಲ್ಲಿ ಬರೆದರು. ಜಪಾನೀ ಆವೃತ್ತಿಯಲ್ಲಿ ಆ ಮಾತುಗಳಿರಲಿಲ್ಲ. ಹೊರಗಿನವರಿಗೆ ಒಂದು ಮಾತು, ಮನೆಯವರಿಗೆ ಇನ್ನೊಂದು ಎಂಬ ಟೀಕೆ ಬಂದದ್ದು ಸಹಜವೇ. ಸಂಸ್ಕೃತಿಯೇ ಕಾರಣವೆಂಬ ವಾದವೂ ನಿಲ್ಲುವುದಿಲ್ಲ. ಕಡಲಾಳದ ತೈಲಬಾವಿಗಳ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಅಮೆರಿಕದ ಖನಿಜ ನಿರ್ವಹಣಾ ಸಂಸ್ಥೆಯೇ ಆ ತೈಲದ ರಾಜಧನವನ್ನೂ ವಸೂಲು ಮಾಡುತ್ತಿತ್ತು. ಅದರ ಕೆಲವು ನೌಕರರು ತೈಲ ಕಂಪನಿಗಳಿಂದ ಉಡುಗೊರೆ ಪಡೆದದ್ದು 2008ರಲ್ಲೇ ಬಯಲಾಗಿತ್ತು. 2010ರ ಮೆಕ್ಸಿಕೋ ಕೊಲ್ಲಿ ಸ್ಫೋಟದ ಬಳಿಕ ಸಂಸ್ಥೆಯನ್ನೇ ಒಡೆಯಬೇಕಾಯಿತು. ಅಲ್ಲಿಯದು ಜಪಾನೀ ಸಂಸ್ಕೃತಿಯಲ್ಲವಲ್ಲ. ದೋಷವನ್ನು ಇಡೀ ನಾಡಿಗೆ ಹಂಚಿದರೆ ಆ ಸಮರ್ಥನೆ ಬರೆಸಿಕೊಂಡವರ ಪಾಲು ಹಗುರವಾಗುತ್ತದೆ.

2012ರ ಸೆಪ್ಟೆಂಬರ್‌ನಲ್ಲಿ ನಿಯಂತ್ರಣವನ್ನು ಕೈಗಾರಿಕಾ ಸಚಿವಾಲಯದಿಂದ ತೆಗೆದು ಹೊಸ ಪ್ರಾಧಿಕಾರಕ್ಕೆ ಒಪ್ಪಿಸಲಾಯಿತು. ಸಿಬ್ಬಂದಿ ಹಳೆಯ ಸಚಿವಾಲಯಕ್ಕೆ ಮರಳದಂತೆ ನಿಯಮವೂ ಬಂತು. ಆದರೆ 2023ರಲ್ಲಿ, ಸ್ಥಾವರಗಳನ್ನು 60 ವರ್ಷ ಮೀರಿಯೂ ನಡೆಸಲು ದಾರಿ ಮಾಡುವ ಬದಲಾವಣೆಗೆ ಇದೇ ಪ್ರಾಧಿಕಾರ ಒಪ್ಪಿತು. ಐವರು ಆಯುಕ್ತರಲ್ಲಿ ವಿರೋಧಿಸಿದವರು ಒಬ್ಬರೇ. ಸ್ಥಾವರದ ಆಯುಷ್ಯ ನಿರ್ಧರಿಸುವ ಅಧಿಕಾರ ಮತ್ತೆ ಕೈಗಾರಿಕಾ ಸಚಿವಾಲಯದ ಪಾಲಾಯಿತು.