ಯಾರೂ ಕೂಗದ ಬಯಲು

ಹೋದ ಸಂಕ್ರಾಂತಿಗೆ ಬಂಗಾರಪೇಟೆಯಲ್ಲಿ ರೈಲಿಳಿದು, ಕೆಜಿಎಫ್ ದಾಟಿ ಕ್ಯಾಸಂಬಳ್ಳಿಗೆ ಹೋಗ್ತಿದ್ದೆ. ರಾಗಿ ಕೊಯ್ಲಾದ ಹೊಲ, ದೂರದಲ್ಲಿ ಬಂಡೆಗುಡ್ಡ, ಕಣ್ಣು ಹಾಯಿಸಿದಷ್ಟು ದೂರಕ್ಕೂ ಒಂದೂ ಹೋರ್ಡಿಂಗ್ ಇಲ್ಲ. ‘ಇಲ್ಲಿ ಮ್ಯಾಪ್ ಇನ್ನೂ ಪೂರ್ತಿ ಲೋಡ್ ಆಗಿಲ್ಲ’ ಅನ್ನಿಸಿಬಿಡ್ತು. ವಾರವಿಡೀ ‘ಜಿಟಿಎ ಫೈವ್’ ಆಡಿದ್ದರ ಫಲ!

2013ರಲ್ಲಿ ಬಂದ ಆ ಆಟವನ್ನು ‘ನಿಜದ ಊರಿನ ಥರಾನೇ ಇದೆ’ ಅಂತ ಈಗಲೂ ಹೊಗಳುತ್ತೇವೆ. ಅದಕ್ಕೊಂದು ಕಾರಣ ಜಾಹೀರಾತು. ಲಾಸ್ ಏಂಜಲೀಸನ್ನು ಹೋಲುವ ಲಾಸ್ ಸ್ಯಾಂಟೋಸ್‌ನಲ್ಲಿ ‘ಇ-ಕೋಲಾ’, ‘ಸ್ಪ್ರಂಕ್’, ‘ಕ್ಲಕಿನ್ ಬೆಲ್’ ಅಂತ ಎಲ್ಲೂ ಇಲ್ಲದ ಕಂಪನಿಗಳ ಬೋರ್ಡುಗಳು. ‘ಬರ್ನೌಟ್ ಪ್ಯಾರಡೈಸ್’ ಇನ್ನೂ ಒಂದು ಹೆಜ್ಜೆ ಮುಂದೆ. 2008ರ ಅಮೆರಿಕದ ಚುನಾವಣೆಗೆ ಮುಂಚೆ ಒಬಾಮ ಪ್ರಚಾರದವರು ದುಡ್ಡು ಕೊಟ್ಟು ಅದರೊಳಗಿನ ರಸ್ತೆಬದಿಯಲ್ಲಿ ಜಾಹೀರಾತು ಹಾಕಿಸಿದ್ದರು. ಬೋರ್ಡ್ ಇದ್ದರೆ ಊರು, ಇಲ್ಲದಿದ್ದರೆ ಬರೀ ಗ್ರಾಫಿಕ್ಸ್. ಬೆಂಗಳೂರಿನ ಕಣ್ಣಿಗೆ ಇದು ಸಲೀಸಾಗಿ ಒಗ್ಗುತ್ತೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿ ಫ್ಲೆಕ್ಸ್‌ಗಳನ್ನು ಕಿತ್ತಾಗ, ಖಾಲಿ ಚೌಕಟ್ಟುಗಳ ಆ ಊರೇ ನನಗೆ ಸುಳ್ಳಾಗಿ ಕಂಡಿತ್ತು.

ಕ್ಯಾಸಂಬಳ್ಳಿಯಲ್ಲಿ ಬಸ್ಸಿಳಿದು, ಹತ್ತಿರದ ದಾರಿ ಅಂತ ಹೊಲಕ್ಕೆ ಇಳಿದೆ. ಹತ್ತು ಹೆಜ್ಜೆ ಹಾಕಿರಲಿಲ್ಲ, ಹುಲ್ಲಿನ ಮೆದೆ ಹತ್ತಿರದಿಂದ ಅಜ್ಜರೊಬ್ಬರು ಕೂಗಿದರು: “ಯಾರಪ್ಪಾ ನೀನು? ಯಾರ ಮನೆಗೆ?” ಹೇಳಿದೆ. “ಬದು ಮೇಲೆ ಹೋಗಪ್ಪಾ, ಅವರೆ ಸಾಲು ತುಳೀಬೇಡ.” ಖಾಲಿ ಅಂದುಕೊಂಡಿದ್ದ ಹೊಲದಲ್ಲಿ ಅವರೆ ಇತ್ತು, ಅದಕ್ಕೊಬ್ಬ ಯಜಮಾನ ಇದ್ದ. ನಾನು ಯಾರು ಅನ್ನೋದು ಅವನಿಗೆ ಬೇಕಿತ್ತು.

ಜಿಟಿಎ ಸೋಲೋದು ಇಲ್ಲೇ. ಅಲ್ಲಿನ ಸೇನಾ ನೆಲೆಗೆ ನುಗ್ಗಿದರೆ ಬೆನ್ನಟ್ಟಿ ಬರ್ತಾರೆ, ನಿಜ. ಆದರೆ ಗುಡ್ಡ, ತೋಟ, ಮರಳುಗಾಡಲ್ಲಿ ಗಂಟೆಗಟ್ಟಲೆ ಅಲೆದರೂ ‘ಯಾರ ಮನೆಯೋನು’ ಅಂತ ಕೇಳೋರಿಲ್ಲ. ಬೋರ್ಡಿಗೆ ಕಂಪನಿ ಇದೆ, ನೆಲಕ್ಕೆ ಜನ ಇಲ್ಲ. ‘ಓಪನ್ ವರ್ಲ್ಡ್’ ಅಂದರೆ ಹೆಚ್ಚಿನಂಶ ಇಷ್ಟೇ: ಯಾರದ್ದೂ ಅಲ್ಲದ ಬಯಲು.

ಅಂಥ ಕಣ್ಣಿಟ್ಟುಕೊಂಡೇ ನಾವು ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನೂ ನೋಡುತ್ತೇವೆ. 2018ರ ‘ಕೆಜಿಎಫ್’ ಸಿನಿಮಾ ಬಂದ ಮೇಲಂತೂ ಅವು ನಮಗೆ ಸೆಲ್ಫಿಗೆ ಒಳ್ಳೆ ಬ್ಯಾಕ್‌ಗ್ರೌಂಡ್. ಅವು ಚಿನ್ನ ತೆಗೆದಮೇಲೆ ಉಳಿದ ಪುಡಿಮಣ್ಣು. ಗಣಿ ಮುಚ್ಚಿದ್ದು 2001ರಲ್ಲಿ. ಗಾಳಿ ಎದ್ದರೆ ಧೂಳು ಇವತ್ತಿಗೂ ಪಕ್ಕದ ಮನೆಗಳಿಗೆ ನುಗ್ಗುತ್ತೆ. ಆಟದಲ್ಲೂ ಗಾಳಿ ಚೆನ್ನಾಗೇ ಬೀಸುತ್ತೆ. ಆದರೆ ಆಮೇಲೆ ಯಾರೂ ಮನೆ ಗುಡಿಸಬೇಕಾಗಿಲ್ಲ.

ನಾನೇನೂ ಆಡೋದು ಬಿಟ್ಟಿಲ್ಲ. ಮುಂದಿನ ಜಿಟಿಎಯಲ್ಲಿ ಬೋರ್ಡುಗಳು ಇನ್ನೂ ಝಗಮಗ ಅನ್ನಬಹುದು. ನಾನು ಮಾತ್ರ ಮೊದಲು ಯಾವುದಾದರೂ ಹೊಲಕ್ಕೆ ಇಳಿದು ನೋಡ್ತೀನಿ, ಯಾರಾದರೂ ಕೂಗ್ತಾರಾ ಅಂತ.